ಶ್ರೀಶೈಲ ಮಲ್ಲಿಕಾರ್ಜುನ: ಧೂಳಿದರ್ಶನದ ಪರಂಪರೆ ಮತ್ತು ಶರಣರ ದಾರಿ

ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಭಕ್ತರ ತಂಡಗಳು ಪೂರ್ವ ದಿಕ್ಕಿಗೆ ಮುಖ ಮಾಡಿ ಹೊರಡುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು, ಕೊಪ್ಪಳ ಜಿಲ್ಲೆಗಳವರೂ ನೆರೆಯ ಸೊಲ್ಲಾಪುರದ ಕಡೆಯವರೂ ಇವರಲ್ಲಿರುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಹಣೆಯ ಮೇಲೆ ವಿಭೂತಿ, ಗಂಟಿನಲ್ಲಿ ಕಟಕ ರೊಟ್ಟಿ. ಹೋಳಿಯಿಂದ ಯುಗಾದಿಗೆ ಹದಿನೈದು ದಿನಗಳ ಅಂತರ. ಆ ಅವಧಿಯಲ್ಲಿ ನೂರಾರು ಕಿಲೋಮೀಟರು ನಡೆದು, ನಲ್ಲಮಲ ಅರಣ್ಯವನ್ನು ದಾಟಿ, ಚೈತ್ರ ಶುದ್ಧ ಪಾಡ್ಯದ ವೇಳೆಗೆ ಅವರು ಶ್ರೀಶೈಲವನ್ನು ಸೇರಬೇಕು.

ಈ ನಡಿಗೆಯನ್ನು ಕಂಡ ಯಾರಿಗಾದರೂ ಒಂದು ಪ್ರಶ್ನೆ ಮೂಡುವುದು ಸಹಜ. ಇವರಲ್ಲಿ ಬಹುಸಂಖ್ಯೆಯವರು ಅಂಗದ ಮೇಲೆ ಲಿಂಗವನ್ನು ಧರಿಸಿದವರು. ಕಾಯವನ್ನೇ ಲಿಂಗದ ನೆಲೆಯಾಗಿಸಿಕೊಳ್ಳಬೇಕೆಂದು ಬೋಧಿಸಿದ ಶರಣರ ವಾರಸುದಾರರು. ಹಾಗಿದ್ದಮೇಲೆ ದೂರದ ಬೆಟ್ಟದ ಮೇಲಿರುವ ಸ್ಥಾವರಲಿಂಗವನ್ನು ಅರಸಿ ಇವರು ಏಕೆ ನಡೆಯುತ್ತಾರೆ? ಈ ಪ್ರಶ್ನೆಗೆ ಉತ್ತರವನ್ನು ಶ್ರೀಶೈಲದ ಚರಿತ್ರೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಇಂದಿಗೂ ಉಸಿರಾಡುತ್ತಿರುವ ಆರಾಧನಾ ಪದ್ಧತಿಗಳಲ್ಲಿ ಹುಡುಕಬೇಕು.

ಬೆಟ್ಟದ ಪ್ರಾಚೀನತೆ

ಶ್ರೀಶೈಲವು ಇಂದಿನ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿದೆ. ಕೃಷ್ಣಾನದಿಯ ದಕ್ಷಿಣ ದಡದಲ್ಲಿ, ನಲ್ಲಮಲ ಬೆಟ್ಟಸಾಲಿನ ನಡುವೆ ಈ ಕ್ಷೇತ್ರವಿದೆ. ಬೆಟ್ಟದ ಬುಡದಲ್ಲಿ ಹರಿಯುವ ಕೃಷ್ಣೆಗೆ ಇಲ್ಲಿ ಪಾತಾಳಗಂಗೆ ಎಂದು ಹೆಸರು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ, ಹದಿನೆಂಟು ಶಕ್ತಿಪೀಠಗಳಲ್ಲಿ ಒಂದಾದ ಭ್ರಮರಾಂಬೆ ಒಂದೇ ಪ್ರಾಕಾರದೊಳಗೆ ನೆಲೆಸಿರುವುದು ಈ ಕ್ಷೇತ್ರದ ವೈಶಿಷ್ಟ್ಯ.

ಬೆಟ್ಟದ ಹೆಸರು ಬಹು ಹಿಂದಿನಿಂದಲೂ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸಾತವಾಹನರ ಕಾಲದ ನಾಸಿಕದ ಶಾಸನದಲ್ಲಿ ಬರುವ ಸಿರಿಟನ ಎಂಬ ಪರ್ವತವನ್ನು ವಿದ್ವಾಂಸರು ಶ್ರೀಶೈಲವೆಂದು ಗುರುತಿಸುತ್ತಾರೆ. ಕನ್ನಡ ನಾಡಿನ ಮೊದಲ ರಾಜವಂಶದ ಕಥೆಯಲ್ಲಿಯೂ ಈ ಬೆಟ್ಟವಿದೆ. ಕಂಚಿಯಲ್ಲಿ ಪಲ್ಲವರಿಂದ ಅಪಮಾನಗೊಂಡ ಮಯೂರಶರ್ಮನು ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ದುರ್ಗಮ ಅರಣ್ಯವನ್ನು ಆಕ್ರಮಿಸಿ, ಅಲ್ಲಿಂದ ಬಾಣರಿಂದ ಕಪ್ಪ ಪಡೆದನೆಂದು ತಾಳಗುಂದದ ಶಾಸನವು ಹೇಳುತ್ತದೆ. ಕದಂಬ ರಾಜ್ಯ ಉದಯಿಸುವ ಮುನ್ನ ಅದರ ಸ್ಥಾಪಕನಿಗೆ ಆಸರೆಯಾದದ್ದು ಇದೇ ಕಾಡು. ಆಂಧ್ರವನ್ನಾಳಿದ ವಿಷ್ಣುಕುಂಡಿ ಅರಸರು ತಮ್ಮನ್ನು ಶ್ರೀಪರ್ವತಸ್ವಾಮಿಯ ಪಾದಭಕ್ತರೆಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ.

ಈ ಕ್ಷೇತ್ರಕ್ಕೆ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಮಹಾದ್ವಾರಗಳೆಂದು ಪರಂಪರೆ ಹೇಳುತ್ತದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವು ಕೋಟೆಯ ಬಾಗಿಲುಗಳಲ್ಲ. ಬೆಟ್ಟದಿಂದ ಬಲು ದೂರದಲ್ಲಿರುವ ಸ್ವತಂತ್ರ ಕ್ಷೇತ್ರಗಳು. ಅಲ್ಲಿಂದಲೇ ಶ್ರೀಶೈಲ ಆರಂಭವಾಯಿತೆಂಬ ಭಾವನೆ ಯಾತ್ರಿಕರದು.

ಕಲ್ಲಿನಲ್ಲಿ ಉಳಿದ ಸೇವೆ

ಮಲ್ಲಿಕಾರ್ಜುನನ ಗರ್ಭಗುಡಿ ಅಳತೆಯಲ್ಲಿ ಚಿಕ್ಕದು. ಅದರ ಮೇಲಿನ ಶಿಖರವು ಮೆಟ್ಟಿಲುಮೆಟ್ಟಿಲಾಗಿ ಏರುವ, ಹೆಚ್ಚಿನ ಅಲಂಕಾರವಿಲ್ಲದ ರಚನೆ. ಅದರ ಸುತ್ತಲಿನ ವೈಭವವೆಲ್ಲ ನಂತರದ ಭಕ್ತರು ಸಲ್ಲಿಸಿದ ಸೇವೆ. ಮಲ್ಲಿಕಾಗುಂಡವೆಂಬ ಸಣ್ಣ ಕೊಳದ ನೀರಿನಲ್ಲಿ ಶಿಖರದ ಪ್ರತಿಬಿಂಬವನ್ನು ಕಂಡು ಭಕ್ತರು ಕೈಮುಗಿಯುತ್ತಾರೆ.

ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು 1393ರಲ್ಲಿ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಕಟ್ಟಿಸಿದಳು. ದೇವಾಲಯದ ಮುಖಮಂಟಪವು ಹರಿಹರನ ಸೇವೆ. ಅದಕ್ಕೂ ಮೊದಲು 1377ರಲ್ಲಿ ರೆಡ್ಡಿ ದೊರೆ ಅನವೇಮನು ವೀರಶಿರೋಮಂಟಪವನ್ನು ನಿರ್ಮಿಸಿದನು. ಪರವಶತೆಯಲ್ಲಿ ತಮ್ಮ ಅಂಗಗಳನ್ನೇ ದೇವರಿಗೆ ಅರ್ಪಿಸುತ್ತಿದ್ದ ವೀರಭಕ್ತರ ಉಗ್ರ ಆಚರಣೆಗೆ ಅದು ಸಾಕ್ಷಿ. ಕೃಷ್ಣದೇವರಾಯನು ಕೊಂಡವೀಡಿನ ವಿಜಯದ ಬಳಿಕ ಇಲ್ಲಿಗೆ ಬಂದು ರಥಬೀದಿಯ ಎರಡೂ ಬದಿಗೆ ಸಾಲುಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ದಕ್ಷಿಣ ದಂಡಯಾತ್ರೆಯ ಸಂದರ್ಭದಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಶ್ರೀಶೈಲದ ದರ್ಶನ ಪಡೆದರು; ಉತ್ತರದ ಗೋಪುರ ಇಂದಿಗೂ ಅವರ ಹೆಸರಿನಲ್ಲಿದೆ.

ದೇವಾಲಯವನ್ನು ಸುತ್ತುವರಿದ ಎತ್ತರದ ಪ್ರಾಕಾರದ ಗೋಡೆ ಒಂದು ಶಿಲಾಗ್ರಂಥದಂತಿದೆ. ಹೊರಮೈಯಲ್ಲಿ ಸಾಲುಸಾಲಾಗಿ ಆನೆ, ಕುದುರೆ, ಬೇಟೆ, ಮೆರವಣಿಗೆ, ಸಿದ್ಧರು, ಯೋಗಿಗಳು, ಶಿವನ ಲೀಲೆಗಳು ಕೆತ್ತಲ್ಪಟ್ಟಿವೆ. ಲಿಂಗದ ಮೇಲೆ ಹಾಲು ಸುರಿಸುವ ಹಸುವಿನ ಕಥೆಯೂ ಅಲ್ಲಿದೆ. ಚಂದ್ರಾವತಿ ಎಂಬ ರಾಜಕುಮಾರಿ ಆ ಹಸುವಿನ ಜಾಡು ಹಿಡಿದು ಲಿಂಗವನ್ನು ಕಂಡಳು, ಮಲ್ಲಿಗೆಯ ಹೂಗಳಿಂದ ಪೂಜಿಸಿದಳು, ಅದರಿಂದ ದೇವನಿಗೆ ಮಲ್ಲಿಕಾರ್ಜುನನೆಂಬ ಹೆಸರು ಬಂತು ಎಂಬುದು ಸ್ಥಳಪುರಾಣ.

ವೀರಶೈವ ಪರಂಪರೆಗೂ ಈ ಕ್ಷೇತ್ರಕ್ಕೂ ಇರುವ ನಂಟು ಆಳವಾದದ್ದು. ಪಂಚಪೀಠಗಳಲ್ಲಿ ಸೂರ್ಯಸಿಂಹಾಸನವೆಂದು ಪ್ರಸಿದ್ಧವಾದ ಪೀಠ ಶ್ರೀಶೈಲದ್ದು. ವಿಜಯನಗರ ಕಾಲದ ಶಾಸನಗಳಲ್ಲಿ ಭಿಕ್ಷಾವೃತ್ತಿ ಮಠದ ಅಯ್ಯನವರ ಉಲ್ಲೇಖವಿದೆ. ಘಂಟಾಮಠ, ವಿಭೂತಿಮಠ, ರುದ್ರಾಕ್ಷಮಠ, ಭೀಮಶಂಕರಮಠ, ಸಾರಂಗಧರಮಠ ಎಂಬ ಐದು ಪ್ರಾಚೀನ ಮಠಗಳ ಕಟ್ಟಡಗಳು ದೇವಾಲಯದ ಸಮೀಪದಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಘಂಟಾಮಠದ ಜೀರ್ಣೋದ್ಧಾರ ನಡೆಯುತ್ತಿದ್ದಾಗ ತಾಮ್ರಶಾಸನಗಳೂ ಹಳೆಯ ನಾಣ್ಯಗಳೂ ದೊರೆತವು.

ಧೂಳಿದರ್ಶನವೆಂಬ ದೊಡ್ಡ ನಿಯಮ

ಅರಸರ ಕಟ್ಟಡಗಳಿಗಿಂತ ಹಿರಿದಾದದ್ದು ಇಲ್ಲಿನ ಒಂದು ಪದ್ಧತಿ. ಅದೇ ಧೂಳಿದರ್ಶನ. ದೂರದಿಂದ ನಡೆದು ಬಂದವನು ಕಾಲಿನ ಧೂಳನ್ನೂ ತೊಳೆಯದೆ ನೇರವಾಗಿ ಗರ್ಭಗುಡಿಗೆ ಹೋಗಬಹುದು. ಲಿಂಗವನ್ನು ಕೈಯಿಂದ ಮುಟ್ಟಬಹುದು. ಅದರ ಮೇಲೆ ಹಣೆಯನ್ನಿಟ್ಟು ನಮಸ್ಕರಿಸಬಹುದು. ಜಾತಿ, ಕುಲ, ಅಂತಸ್ತುಗಳನ್ನು ಕೇಳುವ ರೂಢಿ ಇಲ್ಲಿಲ್ಲ.

ದಕ್ಷಿಣದ ಬಹುತೇಕ ಪ್ರಾಚೀನ ದೇವಾಲಯಗಳಲ್ಲಿ ಗರ್ಭಗುಡಿಯ ಹೊಸ್ತಿಲು ಅರ್ಚಕರಿಗೆ ಮಾತ್ರ ತೆರೆದಿರುತ್ತದೆ. ಭಕ್ತನು ದೂರದಲ್ಲಿ ನಿಂತು ದೀಪದ ಬೆಳಕಿನಲ್ಲಿ ದೇವರನ್ನು ಕಾಣಬೇಕು. ಶ್ರೀಶೈಲದಲ್ಲಿ ಆ ಹೊಸ್ತಿಲನ್ನು ಎಲ್ಲರೂ ದಾಟಬಹುದು. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮಗೆ ಈ ಪದ್ಧತಿಯ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವರಿಗೂ ಭಕ್ತನಿಗೂ ನಡುವೆ ಮತ್ತೊಬ್ಬರು ಬೇಡ ಎಂಬ ಅರಿವು ಎರಡೂ ಕಡೆ ಒಂದೇ. ಲಿಂಗಧಾರಿಗಳಾದ ಭಕ್ತರು ಈ ಬೆಟ್ಟದಲ್ಲಿ ಪರಕೀಯತೆಯನ್ನು ಅನುಭವಿಸದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಚೆಂಚುಗಳ ಅಳಿಯ, ನೇಕಾರನ ಪೇಟ

ಶ್ರೀಶೈಲದ ದೇವರಿಗೆ ಪ್ರತಿಯೊಂದು ಸಮುದಾಯವೂ ತನ್ನದೇ ಆದ ಸಂಬಂಧವನ್ನು ಕಟ್ಟಿಕೊಂಡಿದೆ. ನಲ್ಲಮಲ ಕಾಡಿನ ಆದಿವಾಸಿಗಳಾದ ಚೆಂಚು ಜನರಿಗೆ ಆತ ಚೆಂಚು ಮಲ್ಲಯ್ಯ. ಬೇಟೆಗೆ ಬಂದ ಶಿವನು ಚೆಂಚು ಕನ್ಯೆಯನ್ನು ಒಲಿದು ಮದುವೆಯಾದನೆಂದೂ, ಆದ್ದರಿಂದ ಆತ ತಮ್ಮ ಅಳಿಯನೆಂದೂ ಅವರು ನಂಬುತ್ತಾರೆ. ಮಕರ ಸಂಕ್ರಾಂತಿಯ ಬ್ರಹ್ಮೋತ್ಸವದಲ್ಲಿ ನಡೆಯುವ ಕಲ್ಯಾಣಕ್ಕೆ ದೇವಾಲಯದವರು ಚೆಂಚು ಬಂಧುಗಳನ್ನು ವಿಧಿಪೂರ್ವಕವಾಗಿ ಆಹ್ವಾನಿಸುತ್ತಾರೆ. ಅವರು ಜೇನುತುಪ್ಪ ಮತ್ತಿತರ ಕಾಡಿನ ಉತ್ಪನ್ನಗಳನ್ನು ಹೊತ್ತು, ಹೆಣ್ಣಿನ ಕಡೆಯವರಾಗಿ ಮದುವೆಗೆ ಬರುತ್ತಾರೆ.

ಮಹಾಶಿವರಾತ್ರಿಯ ಪಾಗಾಲಂಕಾರ ಇನ್ನೊಂದು ಅಪೂರ್ವ ಸೇವೆ. ಪಾಗ ಎಂದರೆ ಪೇಟ. ಕರಾವಳಿ ಆಂಧ್ರದ ಚೀರಾಲದ ಕಡೆಯ ನೇಕಾರ ಮನೆತನದವರು ದಿನಕ್ಕೊಂದು ಮೊಳದಂತೆ ವರ್ಷವಿಡೀ ವ್ರತದಿಂದ ಬಟ್ಟೆ ನೇಯುತ್ತಾರೆ. ವರ್ಷ ತುಂಬಿದಾಗ ಅದು 365 ಮೊಳಗಳ ಪೇಟವಾಗುತ್ತದೆ. ಶಿವರಾತ್ರಿಯ ಮಧ್ಯರಾತ್ರಿ, ಲಿಂಗೋದ್ಭವದ ಹೊತ್ತಿನಲ್ಲಿ, ದೇವಾಲಯದ ದೀಪಗಳನ್ನೆಲ್ಲ ಆರಿಸಲಾಗುತ್ತದೆ. ಆ ಗಾಢಾಂಧಕಾರದಲ್ಲಿ ನೇಕಾರನು ದಿಗಂಬರನಾಗಿ ಮೇಲೇರಿ, ಗರ್ಭಗುಡಿಯ ಶಿಖರದಿಂದ ಮುಖಮಂಟಪದ ಮೇಲಿನ ನಂದಿಗಳವರೆಗೆ ಆ ಪೇಟವನ್ನು ಸುತ್ತುತ್ತಾನೆ. ಮದುಮಗನಿಗೆ ಪೇಟ ಕಟ್ಟಿದ ಬಳಿಕವಷ್ಟೇ ಸ್ವಾಮಿಯ ಕಲ್ಯಾಣೋತ್ಸವ ನಡೆಯುತ್ತದೆ.

ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಲಕ್ಷಾಂತರ ಭಕ್ತರು ಸೇರಿದ ಆ ರಾತ್ರಿಯಲ್ಲಿ ಉತ್ಸವದ ಅತಿ ಮುಖ್ಯ ಕ್ರಿಯೆ ಒಬ್ಬ ನೇಕಾರನ ಕೈಯಲ್ಲಿದೆ. ಆತ ತಂದಿರುವುದು ತನ್ನ ಮಗ್ಗದ ಮೇಲೆ ದಿನದಿನವೂ ಬೆಳೆದ ದುಡಿಮೆಯನ್ನು. ಬಸವಾದಿ ಶರಣರು ಕಾಯಕಕ್ಕೆ ನೀಡಿದ ಸ್ಥಾನವನ್ನು ಬಲ್ಲವರಿಗೆ ಈ ಸೇವೆಯ ಅರ್ಥ ತಾನಾಗಿಯೇ ತಿಳಿಯುತ್ತದೆ.

ಯುಗಾದಿ: ತವರಿನವರ ಹಬ್ಬ

ಶಿವರಾತ್ರಿ ತೆಲುಗು ನಾಡಿನ ಮಹಾಜಾತ್ರೆಯಾದರೆ ಯುಗಾದಿ ಕನ್ನಡಿಗರ ಜಾತ್ರೆ. ಐದು ದಿನಗಳ ಈ ಮಹೋತ್ಸವದಲ್ಲಿ ಬೆಟ್ಟದ ಬೀದಿಗಳಲ್ಲಿ ಕನ್ನಡವೇ ಕೇಳಿಸುತ್ತದೆ. ಕನ್ನಡಿಗರಿಗೆ ಭ್ರಮರಾಂಬೆ ಮನೆಯ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗಲಾಗದು. ಆದ್ದರಿಂದ ತವರಿನವರು ಸೀರೆ, ಕುಪ್ಪಸದ ಖಣ, ಬಳೆ, ಅರಿಶಿನ, ಕುಂಕುಮಗಳನ್ನು ತಂದು ಅಮ್ಮನಿಗೆ ಅರ್ಪಿಸುತ್ತಾರೆ. ಚೆಂಚುಗಳೂ ಕನ್ನಡಿಗರೂ ಒಬ್ಬನೇ ದೇವರನ್ನು ಅಳಿಯನೆಂದು ಕರೆಯುತ್ತಾರೆ. ಹಾಗೆ ನೋಡಿದರೆ ಕಾಡಿನವರೂ ನಾಡಿನವರೂ ಈ ಬೆಟ್ಟದಲ್ಲಿ ಒಂದೇ ಮನೆಯ ಬಳಗ.

ಯಾತ್ರೆಯ ಕೊನೆಯ ಹಂತ ಅತ್ಯಂತ ಕಠಿಣವಾದದ್ದು. ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ಕಾಡಿನ ಹಾದಿ ಆರಂಭವಾಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಎಂಬ ನೆಲೆಗಳನ್ನು ದಾಟಿ, ಕಡಿದಾದ ಏರನ್ನು ಹತ್ತಿದರೆ ಕೈಲಾಸದ್ವಾರ. ಅಲ್ಲಿಂದ ಮುಂದೆ ಕ್ಷೇತ್ರ. ಹುಲಿ ಸಂಚರಿಸುವ ಈ ಸಂರಕ್ಷಿತ ಅರಣ್ಯದಲ್ಲಿ ಬೇಸಿಗೆಯ ಬಿಸಿಲಿಗೆ ನೀರಿನ ಸೆಲೆಗಳು ಬತ್ತಿರುತ್ತವೆ. ಆದರೂ ವೃದ್ಧರು, ಮಹಿಳೆಯರು, ಮಕ್ಕಳೆನ್ನದೆ ಎಲ್ಲರೂ ನಡೆಯುತ್ತಾರೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ಸಾಗುತ್ತಾರೆ.

ಇಷ್ಟು ಜನರನ್ನು ಪೊರೆಯುವುದು ದಾಸೋಹ. ದಾರಿಯುದ್ದಕ್ಕೂ ಊರಿನವರು ಚಪ್ಪರ ಹಾಕಿ ಅನ್ನ, ಮಜ್ಜಿಗೆ, ನೀರು ನೀಡುತ್ತಾರೆ. ಬೊಬ್ಬೆಯೆದ್ದ ಕಾಲುಗಳಿಗೆ ಎಣ್ಣೆ ಹಚ್ಚುತ್ತಾರೆ. ಉಣ್ಣಲು ಕುಳಿತವನ ಹೆಸರನ್ನೂ ಕುಲವನ್ನೂ ಯಾರೂ ವಿಚಾರಿಸುವುದಿಲ್ಲ. ಕರ್ನಾಟಕದಿಂದ ಹೋದ ದಾಸೋಹಿಗಳು ಕಾಡಿನ ನಡುವೆಯೂ ಒಲೆ ಹೂಡುತ್ತಾರೆ. ಯುಗಾದಿಯ ಮುನ್ನಾದಿನ ಬೆಟ್ಟದ ಮೇಲೆ ಕನ್ನಡ ಭಕ್ತರ ವೀರಾಚಾರ ವಿನ್ಯಾಸ ಮತ್ತು ಅಗ್ನಿಗುಂಡ ಪ್ರವೇಶ ನಡೆಯುತ್ತವೆ. ಯುಗಾದಿಯಂದು ಮಹಾರಥೋತ್ಸವ ಜರುಗುತ್ತದೆ.

ಸಂಪ್ರದಾಯವೂ ಪರಿವರ್ತನೆಯೂ

ಜೀವಂತ ಪರಂಪರೆ ಎಂದರೆ ಬದಲಾಗದ ಪರಂಪರೆ ಎಂದು ತಿಳಿಯಬಾರದು. ಚೈತ್ರ ಹುಣ್ಣಿಮೆಯ ನಂತರ ಮೊದಲು ಬರುವ ಮಂಗಳವಾರ ಅಥವಾ ಶುಕ್ರವಾರ ಭ್ರಮರಾಂಬೆಗೆ ಕುಂಭೋತ್ಸವ ನಡೆಯುತ್ತದೆ. ಹಿಂದೆ ಆ ದಿನ ಪ್ರಾಣಿಬಲಿ ನಡೆಯುತ್ತಿತ್ತು. ಇಂದು ಅದರ ಸ್ಥಾನದಲ್ಲಿ ಕುಂಬಳಕಾಯಿ, ತೆಂಗಿನಕಾಯಿ, ನಿಂಬೆಹಣ್ಣುಗಳ ಸಾತ್ತ್ವಿಕ ಬಲಿ ಸಲ್ಲುತ್ತದೆ. ಅಮ್ಮನ ಎದುರು ಅನ್ನದ ರಾಶಿ ಹಾಕಲಾಗುತ್ತದೆ. ಸ್ತ್ರೀವೇಷ ಧರಿಸಿದ ಪುರುಷನೊಬ್ಬ ಅಮ್ಮನಿಗೆ ಕುಂಭಹಾರತಿ ಎತ್ತುತ್ತಾನೆ. ಬಲಿಯ ರೂಪ ಬದಲಾಯಿತು. ಅಮ್ಮನ ಮಹಿಮೆಯಾಗಲಿ ಭಕ್ತರ ಶ್ರದ್ಧೆಯಾಗಲಿ ಕುಂದಲಿಲ್ಲ. ಅಂಗಗಳನ್ನು ಅರ್ಪಿಸುತ್ತಿದ್ದ ವೀರಶಿರೋಮಂಟಪದ ಆಚರಣೆಯೂ ಹೀಗೆಯೇ ಚರಿತ್ರೆಗೆ ಸೇರಿಹೋಯಿತು. ದಯೆಯನ್ನು ಧರ್ಮದ ಬೇರೆಂದು ತಿಳಿದ ನಮಗೆ ಇದು ಸಮಾಧಾನ ನೀಡುವ ಸಂಗತಿ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಭಕ್ತ ಸಮುದಾಯಕ್ಕೆ ಇದೆ ಎಂಬುದನ್ನು ಶ್ರೀಶೈಲವೇ ತೋರಿಸಿಕೊಟ್ಟಿದೆ.

ಶರಣರು ಕಂಡ ಶ್ರೀಶೈಲ

ಈಗ ಆರಂಭದ ಪ್ರಶ್ನೆಗೆ ಮರಳೋಣ. ಶರಣರಿಗೆ ಶ್ರೀಶೈಲ ಏನಾಗಿತ್ತು?

ಸೊನ್ನಲಿಗೆಯ ಸಿದ್ಧರಾಮರ ಬಾಲ್ಯದ ಪ್ರಸಂಗವನ್ನು ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ನಿರೂಪಿಸಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮನಾಗಿ ಬಂದು ನವಣೆಯ ತೆನೆಯನ್ನು ಸವಿದು, ಮಜ್ಜಿಗೆ ಅನ್ನವನ್ನು ಬೇಡಿದನು. ಬಾಲಕನು ಮನೆಗೆ ಓಡಿ ಅನ್ನ ತರುವಷ್ಟರಲ್ಲಿ ಅತಿಥಿ ಕಾಣದಾಗಿದ್ದನು. ಮಲ್ಲಯ್ಯನ ಹೆಸರು ಹಿಡಿದು ಕರೆಯುತ್ತ, ಯಾತ್ರಿಕರ ಜೊತೆಗೂಡಿ ಬಾಲಕನು ಶ್ರೀಶೈಲಕ್ಕೆ ಬಂದನು. ಅಲ್ಲಿ ಗರ್ಭಗುಡಿಯ ಲಿಂಗವನ್ನು ತೋರಿಸಿದಾಗ, ತನ್ನ ಬಳಿಗೆ ಬಂದು ಉಂಡ ಮಲ್ಲಯ್ಯ ಇವನಲ್ಲವೆಂದನು. ಬೆಟ್ಟವನ್ನೆಲ್ಲ ಅಲೆದು, ಕೊನೆಗೆ ಕೊಳ್ಳಕ್ಕೆ ಹಾರಲು ಅಣಿಯಾದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದನು. ಆದರೆ ತನ್ನ ಬಳಿಯೇ ಇರಿಸಿಕೊಳ್ಳಲಿಲ್ಲ; ಸೊನ್ನಲಿಗೆಗೆ ಮರಳಿ ಕಳುಹಿಸಿದನು.

ಮರಳಿದ ಸಿದ್ಧರಾಮರು ಕೆರೆಗಳನ್ನು ಕಟ್ಟಿಸಿದರು, ದೇಗುಲಗಳನ್ನು ಎತ್ತಿಸಿದರು, ಬಡವರಿಗೆ ಆಸರೆಯಾದರು. ಸೊನ್ನಲಿಗೆ ಅಭಿನವ ಶ್ರೀಶೈಲವೆನಿಸಿತು. ಮುಂದೆ ಅಲ್ಲಮಪ್ರಭುಗಳ ಸಂಗದಿಂದ ಅವರು ಕಲ್ಯಾಣಕ್ಕೆ ಬಂದು ಶರಣ ಸಮೂಹದಲ್ಲಿ ಒಬ್ಬರಾದರು. ಆದರೂ ಅವರ ವಚನಗಳ ಅಂಕಿತದಲ್ಲಿ ಮಲ್ಲಿಕಾರ್ಜುನನೇ ಉಳಿದನು.

ಅಕ್ಕಮಹಾದೇವಿಯವರ ದಾರಿ ಇನ್ನೊಂದು ಬಗೆಯದು. ಉಡುತಡಿಯಿಂದ ಹೊರಟು, ಕಲ್ಯಾಣದ ಅನುಭವ ಮಂಟಪದಲ್ಲಿ ಶರಣರ ಪರೀಕ್ಷೆಯನ್ನು ಗೆದ್ದು, ಅವರು ಶ್ರೀಶೈಲದ ಕದಳಿಯನ್ನು ಸೇರಿದರು. ಅವರು ಅರಸಿದ್ದು ಗುಡಿಯನ್ನಲ್ಲ. ಗಿಡ, ಮರ, ಹಕ್ಕಿ, ಬೆಟ್ಟಗಳಲ್ಲೆಲ್ಲ ತುಂಬಿದ ಚೆನ್ನಮಲ್ಲಿಕಾರ್ಜುನನನ್ನು ತಮ್ಮೊಳಗೂ ಕಂಡು ಅವರು ಲಿಂಗೈಕ್ಯರಾದರು. ಅಕ್ಕನ ಗುಹೆಯೆಂದು ಪ್ರಸಿದ್ಧವಾದ ಸ್ಥಳವು ಕೃಷ್ಣೆಯ ಆಚೆ ದಡದಲ್ಲಿ, ತೆಲಂಗಾಣದ ಭಾಗದಲ್ಲಿದೆ. ಪಾತಾಳಗಂಗೆಯಿಂದ ದೋಣಿಯಲ್ಲಿ ಸಾಗಿ, ಪ್ರಕೃತಿಯೇ ರೂಪಿಸಿದ ಕಲ್ಲಿನ ಕಮಾನನ್ನು ದಾಟಿ ಭಕ್ತರು ಅಲ್ಲಿಗೆ ಹೋಗುತ್ತಾರೆ. ಅಲ್ಲಮಪ್ರಭುಗಳ ಕೊನೆಯ ನೆಲೆಯೂ ಕದಳಿಯೇ ಎಂಬುದು ಪರಂಪರೆಯ ನಂಬಿಕೆ. ಬಸವಣ್ಣನವರ ಸಮಕಾಲೀನರಾದ ಮಲ್ಲಿಕಾರ್ಜುನ ಪಂಡಿತಾರಾಧ್ಯರ ಚರಿತ್ರೆಯನ್ನು ತೆಲುಗಿನಲ್ಲಿ ಬರೆದ ಪಾಲ್ಕುರಿಕೆ ಸೋಮನಾಥನು ಅದರ ಒಂದು ಭಾಗವನ್ನೇ ಈ ಪರ್ವತಕ್ಕೆ ಮೀಸಲಿಟ್ಟಿದ್ದಾನೆ.

ಈ ಚರಿತ್ರೆಗಳನ್ನು ಕೂಡಿಸಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಶರಣರು ಶ್ರೀಶೈಲವನ್ನು ಅಲ್ಲಗಳೆಯಲಿಲ್ಲ. ಅದನ್ನು ಕಲ್ಲಿನ ಗೋಡೆಗಳಿಗೆ ಸೀಮಿತಗೊಳಿಸಲೂ ಇಲ್ಲ. ಒಬ್ಬರಿಗೆ ಅದು ಊರಿನ ಕಾಯಕಕ್ಕೆ ಮರಳಿ ಕಳುಹಿಸಿದ ಕರೆ. ಇನ್ನೊಬ್ಬರಿಗೆ ಹೊರಗಿನ ಬೆಟ್ಟವೂ ಒಳಗಿನ ಅರಿವೂ ಒಂದಾದ ನೆಲೆ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿ ನಡೆಯುವ ಯಾತ್ರಿಕನು ಇಲ್ಲದ ದೇವರನ್ನು ಹುಡುಕಿ ಹೋಗುತ್ತಿಲ್ಲ. ಇರುವ ದೇವರೊಡನೆ, ಸಹಭಕ್ತರೊಡನೆ, ಹದಿನೈದು ದಿನ ಒಂದೇ ನೆಲದ ಮೇಲೆ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು ಬಾಳುವುದನ್ನು ಕಲಿಯುತ್ತಾನೆ.

ನಮ್ಮ ಹೊಣೆ

ಈ ಪರಂಪರೆ ಇಂದು ಒತ್ತಡದಲ್ಲಿದೆ. ಯಾತ್ರಿಕರ ಸಂಖ್ಯೆ ಬೆಳೆದಂತೆ ಸ್ಪರ್ಶದರ್ಶನಕ್ಕೆ ನಿಗದಿತ ವೇಳೆ, ಟಿಕೆಟುಗಳ ವ್ಯವಸ್ಥೆ ಬಂದಿದೆ. ಶಿವರಾತ್ರಿ, ಯುಗಾದಿಗಳ ದಟ್ಟಣೆಯಲ್ಲಿ ಬಹುಪಾಲು ಭಕ್ತರಿಗೆ ದೂರದ ಅಲಂಕಾರ ದರ್ಶನವೇ ದೊರೆಯುತ್ತದೆ. ಜನಸಂದಣಿಯ ಸುರಕ್ಷತೆಗೆ ನಿಯಮಗಳು ಬೇಕೆಂಬುದನ್ನು ಒಪ್ಪಲೇಬೇಕು. ಆದರೆ ಕಾಲಿನ ಧೂಳಿನೊಂದಿಗೆ ಬಂದವನೂ ಲಿಂಗವನ್ನು ಮುಟ್ಟಬಹುದೆಂಬ ಮೂಲ ಆಶಯ ಮರೆತುಹೋಗದಂತೆ ಕಾಯುವುದು ಭಕ್ತ ಸಮುದಾಯದ ಹೊಣೆ. ಲಿಂಗವನ್ನು ಮುಟ್ಟಲಾಗದ ದಿನದಂದು ನೂಕುನುಗ್ಗಲಿಗೆ ಇಳಿಯದೆ, ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಸಂಯಮವೂ ನಮ್ಮಲ್ಲಿರಬೇಕು.

ಕಾಡಿನ ಹಾದಿಯ ವಿಷಯದಲ್ಲಿ ಹೊಣೆ ಇನ್ನೂ ನೇರವಾದದ್ದು. ದಾಸೋಹದ ತಟ್ಟೆ, ಲೋಟ, ನೀರಿನ ಬಾಟಲಿಗಳನ್ನು ಅಲ್ಲಿಯೇ ಎಸೆದು ಮುಂದೆ ಸಾಗಿದರೆ ಅಕ್ಕ ಕಂಡ ಚೆನ್ನಮಲ್ಲಿಕಾರ್ಜುನನಿಗೇ ಮಲಿನವನ್ನು ಅರ್ಪಿಸಿದಂತಾಗುತ್ತದೆ. ಊಟಕ್ಕೆ ಮುತ್ತುಗದ ಎಲೆ ಬಳಸುವುದು, ಸ್ವಂತ ತಂಬಿಗೆಯನ್ನು ಒಯ್ಯುವುದು, ಬೇಸಿಗೆಯ ಒಣ ಕಾಡಿನಲ್ಲಿ ಬೆಂಕಿಯ ಬಗೆಗೆ ಎಚ್ಚರ ವಹಿಸುವುದು, ಅರಣ್ಯ ಇಲಾಖೆ ಹೇಳಿದ ವೇಳೆಯಲ್ಲಿಯೇ ನಡೆಯುವುದು: ಇವೆಲ್ಲವೂ ಯಾತ್ರೆಯ ವ್ರತಗಳೇ. ಅದು ಚೆಂಚು ಬಂಧುಗಳ ಮನೆಯಂಗಳವೆಂಬುದೂ ನೆನಪಿರಲಿ.

ಶ್ರೀಶೈಲಕ್ಕೆ ಹೋಗುವ ದಾರಿಯಲ್ಲಿ ಸಾಕ್ಷಿಗಣಪತಿಯ ಗುಡಿಯಿದೆ. ಕೈಯಲ್ಲಿ ಲೇಖನಿ, ಪುಸ್ತಕಗಳನ್ನು ಹಿಡಿದ ಈ ಗಣಪತಿ ಬಂದವರ ಹೆಸರನ್ನು ಬರೆದುಕೊಳ್ಳುತ್ತಾನೆ, ಯಾತ್ರೆಗೆ ಸಾಕ್ಷಿ ಹೇಳುತ್ತಾನೆ ಎಂಬುದು ನಂಬಿಕೆ. ಆದರೆ ನಾವು ಶ್ರೀಶೈಲಕ್ಕೆ ಹೋಗಿಬಂದೆವೆಂಬುದಕ್ಕೆ ಊರಿನಲ್ಲಿಯೂ ಒಂದು ಸಾಕ್ಷಿ ಬೇಕು. ದಾರಿಯಲ್ಲಿ ಅಪರಿಚಿತನಿಗೆ ಬಡಿಸಿದ ಕೈ ಊರಿಗೆ ಮರಳಿದ ಮೇಲೂ ಬಡಿಸುತ್ತಿರಬೇಕು. ಗರ್ಭಗುಡಿಯಲ್ಲಿ ಕುಲ ಕೇಳದ ದೇವರನ್ನು ಮುಟ್ಟಿ ಬಂದವರು ತಮ್ಮ ಮನೆಯ ಹೊಸ್ತಿಲಲ್ಲಿಯೂ ಕುಲವನ್ನು ಕೇಳಬಾರದು. ಸಿದ್ಧರಾಮರನ್ನು ಮಲ್ಲಯ್ಯನು ಮರಳಿ ಕಳುಹಿಸಿದ್ದು ಇದಕ್ಕಾಗಿಯೇ.